ಮೂರು ಫ್ರಾಕು, ಒಂದೇ ಭುಜ

ಗುರುಬಾಯಿ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಹೊಲಿಗೆ ಮಷಿನ್ನು ಇತ್ತು, ಬಟ್ಟೆಯ ಥಾನುಗಳಿದ್ದವು, ಗಲ್ಲೆಯ ದುಡ್ಡನ್ನೂ ಯಾರೂ ಮುಟ್ಟಿರಲಿಲ್ಲ. ಗೋಡೆಯ ಮೊಳೆ ಮಾತ್ರ ಬರಿದಾಗಿತ್ತು. ಅಲ್ಲಿ ತೂಗುತ್ತಿದ್ದ, ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಂದು ಕಾಗದದ ಫ್ರಾಕಿನ ಕಟಿಂಗ್ ಮಾಯವಾಗಿತ್ತು.

ಒಂದೇ ಕಾಗದ. ಆದರೆ ಬನಹಟ್ಟಿಯ ಅರ್ಧ ಹುಡುಗಿಯರು ಅದರ ಫ್ರಾಕು ತೊಟ್ಟೇ ಬೆಳೆದವರು. ಅಳತೆ ಐದು ವರ್ಷದ ಮಗುವಿನದು. ಅದಕ್ಕಿಂತ ದೊಡ್ಡವಳಿಗೆ ಅಂಚಿನಿಂದ ಎರಡು ಬೆರಳು ಹೊರಗೆ ಗೆರೆ ಎಳೆಯುವುದು, ಚಿಕ್ಕವಳಿಗೆ ಎರಡು ಬೆರಳು ಒಳಗೆ ಮಡಿಚುವುದು.

"ನೇತ್ರಾನ ಒಯ್ದಾಳ್ರಿ," ಎಂದಳು ಗುರುಬಾಯಿ ಠಾಣೆಯಲ್ಲಿ. "ಕೈ ಹಿಡದು ಕೆಲಸ ಕಲಿಸಿದ್ನಿ. ಈಗ ನನ್ನ ಎದುರಿಗೇ ಅಂಗಡಿ ಹಾಕ್ಯಾಳ."

ಕಾಗದ ಕಳೆದರೂ ಕೇಸೇ ಎಂದು ಪೇದೆಗಳು ನಕ್ಕರು. ಎಎಸ್‌ಐ ಶೇವಂತಿ ನಗಲಿಲ್ಲ.

* * *

ಶೇವಂತಿಗೆ ಕುಳಿತು ಯೋಚಿಸಲು ಬರುವುದಿಲ್ಲ. ಅಂಗಡಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಿದಳು.

ಕೀಲಿ ಮುರಿದಿಲ್ಲ. ಅಂದರೆ ಹಿಂದಿನ ಸಂಜೆ, ಬಾಗಿಲು ತೆರೆದಿದ್ದಾಗಲೇ ಹೋಗಿದೆ. ಆ ಸಂಜೆ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಗುರುಬಾಯಿ ಮೇಣದಬತ್ತಿ ತರಲು ಹೋಗಿದ್ದಳು. ಅಷ್ಟರಲ್ಲಿ ಬಂದುಹೋದವರು ಇಬ್ಬರು: ತನ್ನ ಕತ್ತರಿ ಒಯ್ಯಲು ಬಂದ ನೇತ್ರಾ, ಥಾನು ಇಳಿಸಲು ಬಂದ ರಬಕವಿಯ ಬಟ್ಟೆ ವ್ಯಾಪಾರಿ ಪ್ರಭುಲಿಂಗ.

ನೇತ್ರಾಳ ಅಂಗಡಿಯ ಟ್ರಂಕಿನಲ್ಲಿ ಕಟಿಂಗುಗಳು ಸಿಕ್ಕವು. ಆದರೆ ಅವು ಹಳೇ ಪೇಪರಿನವು, ಎಲ್ಲವೂ ಅರ್ಧರ್ಧ ಅಂಗಿ.

"ನಾನ ಬರಕೊಂಡದ್ದರಿ," ಎಂದಳು ನೇತ್ರಾ. "ಸುದ್ದಿ ಕೇಳಿ ಮಂದಿ ಕೊಟ್ಟ ಬಟ್ಟಿ ವಾಪಸ್ ಒಯ್ಯಾಕತ್ತಾರ. ಕಳ್ಳಿ ಅಂತ ಹೆಸರ ಬಂತಂದ್ರ ಈ ಊರಾಗ ನನ್ನ ಮಷಿನ್ ತಿರಗೂದಿಲ್ರಿ."

ಶೇವಂತಿಗೆ ಅವಳನ್ನು ನಂಬಬೇಕು ಅನ್ನಿಸಿತು. ಅನ್ನಿಸಿದ್ದು ಸಾಕ್ಷಿಯಲ್ಲ ಎಂಬ ಸಿಟ್ಟೂ ಬಂತು.

* * *

ವಾರ ಕಳೆಯುವುದರೊಳಗೆ ಗುರುಬಾಯಿ ಮೂರು ಫ್ರಾಕು ತಂದು ಠಾಣೆಯ ಮೇಜಿನ ಮೇಲೆ ಒಗೆದಳು. ಸಣ್ಣದು, ನಡುವಿನದು, ದೊಡ್ಡದು.

"ಜಮಖಂಡಿ ಪ್ಯಾಟ್ಯಾಗ ಸಿಕ್ಕವರಿ. ನನ್ನ ಕಟಿಂಗಿನವ. ಭುಜ ನೋಡಿದ ಕೂಡಲೆ ಗುರ್ತ ಹತ್ತಿತು. ನೇತ್ರಾನ ಕತ್ತರಿಸ್ಯಾಳ."

ಅಲ್ಲಿನ ಅಂಗಡಿಯವನಿಗೆ ಅವನ್ನು ಮಾರಿದವನು ಪ್ರಭುಲಿಂಗ. ಕರೆಸಿದರೆ ನಗುನಗುತ್ತಲೇ ಬಂದ.

"ನಾ ಬಟ್ಟಿ ಮಾರಾಂವ, ನನಗೇನ ಹೊಲಿಗಿ ಬರತೈತ್ರಿ? ನೇತ್ರಾನ ಕತ್ತರಿಸಿ ಹೊಲದು ಕೊಟ್ಟಾಳ."

"ಸುಳ್ಳರಿ," ಎಂದಳು ಅಲ್ಲೇ ಕರೆಸಿ ಕೂರಿಸಿದ್ದ ನೇತ್ರಾ.

ಶೇವಂತಿ ಓಡಾಡುತ್ತಲೇ ಒಂದು ಫ್ರಾಕು ಎತ್ತಿಕೊಂಡು, ಮನೆಯಲ್ಲಿ ಅರಿವೆ ಮಡಿಚುವಂತೆ ಭುಜಕ್ಕೆ ಭುಜ ಕೂಡಿಸಿದಳು. ಕೂಡಲಿಲ್ಲ. ಬಲಗಡೆ ಒಂದು ಬೆರಳು ಕೆಳಗೆ. ಉಳಿದೆರಡನ್ನೂ ಮಡಿಚಿ ನೋಡಿದಳು. ಅವೂ ಹಾಗೇ. ಆಗ ನಿಂತಳು.

"ಗುರುಬಾಯಿ ಅಕ್ಕಾರ, ಬಲಗಡಿ ಯಾಕ ಇಳದೈತಿ?"

"ನನ್ನ ಮಗಳು ಸ್ನೇಹಾಂದು ಹುಟ್ಟಿನಿಂದ ಬಲಭುಜ ಸ್ವಲ್ಪ ಇಳದೈತ್ರಿ. ಮಂದಿಗಿ ಕಾಣಬಾರ್ದಂತ ಅಕಿ ಐದು ವರ್ಷದಾಕಿ ಇದ್ದಾಗ ಪೂರ್ತಿ ಕಾಗದದ ಮ್ಯಾಲ ಆ ಭುಜಕ್ಕ ಹೊಂದುವಂಗ ಬರದಿದ್ನಿ. ಈಗ ಮುಧೋಳದಾಗ ಸಂಸಾರ ಮಾಡಾಕತ್ತಾಳ. ಕಾಗದ ಹಂಗ ಉಳೀತು."

"ಮತ್ತ ಊರ ಮಕ್ಕಳಿಗಿ ಹೆಂಗ ಕತ್ತರಿಸ್ತಿದ್ರಿ?"

"ಕಾಗದ ನಟ್ಟನಡಕ ಮಡಿಚಿ, ಎಡಗಡಿ ಅರ್ಧ ಅಷ್ಟ ಇಡ್ತಿದ್ವಿ. ಎರಡೂ ಭುಜ ಸಮ ಬರತಾವ."

"ಇದು ಯಾರ್ಯಾರಿಗಿ ಗೊತ್ತು?"

"ನನಗ," ಎಂದಳು ಗುರುಬಾಯಿ. "ಮತ್ತ... ನೇತ್ರಾಗ."

ಶೇವಂತಿ ಪ್ರಭುಲಿಂಗನ ಕಡೆ ತಿರುಗಿದಳು. "ನೇತ್ರಾ ಕತ್ತರಿಸಿದ್ರ ಭುಜ ಸಮ ಇರತಿದ್ವು. ಇದನ್ನ ಕತ್ತರಿಸಿದಾಂವ ಗೋಡಿ ಮ್ಯಾಲಿನ ಕಾಗದ ನೋಡ್ಯಾನ, ಅದನ್ನ ಮಡಿಚೂದು ನೋಡಿಲ್ಲ. ಬಟ್ಟಿ ಮ್ಯಾಲ ಪೂರ್ತಿ ಹಾಸ್ಯಾನ. ಸಣ್ಣದಕ್ಕ ಒಳಗ ತಗೊಂಡ, ದೊಡ್ಡದಕ್ಕ ಹೊರಗ ಗೆರಿ ಹೊಡದ. ಸ್ನೇಹಾನ ಭುಜ ಮೂರಕ್ಕೂ ಬಂತು."

"ಅಕಿ ಬೇಕಂತನ ಹಂಗ ಕತ್ತರಿಸಿರಬೇಕ್ರಿ."

"ಅಂಗಡಿ ಹಾಕಿದ ಹೊಸತರಾಗ ತನ್ನ ಹೆಸರ ತಾನ ಕೆಡಿಸ್ಕೊಳ್ಳಾಕ?"

ಮಧ್ಯಾಹ್ನ ರಬಕವಿಯ ಅವನ ಗೋದಾಮಿನಲ್ಲಿ, ಥಾನುಗಳ ಅಡಿಯಲ್ಲಿ ಕಂದು ಕಾಗದ ಸಿಕ್ಕಿತು. ನಡುವಿನ ಹಳೆಯ ಮಡಿಕೆ ಹೋಗಲೆಂದು ಪುಣ್ಯಾತ್ಮ ಇಸ್ತ್ರಿ ಬೇರೆ ಹಾಕಿಸಿದ್ದ.

"ಸೀರಿಗಿ ಗಿರಾಕಿ ಇಲ್ರಿ," ಎಂದ ಪ್ರಭುಲಿಂಗ ತಲೆ ತಗ್ಗಿಸಿ. "ಎಲ್ಲಾರೂ ರೆಡಿಮೇಡ್ ಕೇಳ್ತಾರ. ಕೇಳಿದ್ರ ಅಕ್ಕಾರ ಕಟಿಂಗ್ ಕೊಡಲಿಲ್ಲ. ಕರೆಂಟ್ ಹೋತು, ಸುರುಳಿ ಸುತ್ತಿ ಒಯ್ದೆ. ಹೊಲಸಾಕ ಬ್ಯಾರೆ ಮಂದೀನ ಇಟ್ಟಿದ್ನಿ."

* * *

ಠಾಣೆಯ ಕಟ್ಟೆಯ ಮೇಲೆ ಗುರುಬಾಯಿ ನೇತ್ರಾಳ ಕೈ ಹಿಡಿದಳು. ಓಣಿಗೆ ಓಣಿಯೇ ನೋಡುತ್ತಿತ್ತು.

"ತಪ್ಪಾತು ತಂಗಿ. ನೀ ಬಿಟ್ಟು ಹ್ವಾದ ಸಿಟ್ಟಿನಾಗ ಕಣ್ಣ ಕಾಣಲಿಲ್ಲ."

ನೇತ್ರಾ ಕೈ ಬಿಡಿಸಿಕೊಂಡಳು. ಕಣ್ಣು ತುಂಬಿತ್ತು.

"ಕದ್ದಾಳ ಅಂದ್ರಿ. ಅದನ್ನ ಹೆಂಗೋ ನುಂಗಕೊಂತೀನ್ರಿ ಅಕ್ಕಾರ. ಆದ್ರ ಒಂದ ಭುಜ ಇಳದ ಆ ಫ್ರಾಕ್ ಕೈಯಾಗ ಹಿಡದು, ಇದು ನೇತ್ರಾ ಕತ್ತರಿಸಿದ್ದು ಅಂತ ಹೆಂಗ ಅಂದ್ರಿ?"