ನಂಜಮ್ಮ ಹೇಳದ ಹೆಸರು

"ಆ ಪ್ರಾರ್ಥನೆ ಪುಸ್ತಕ ತಗೊಂಡು ನೀನು ನಾಳೆ ಬಣಕಲ್‌ಗೆ ಹೊರಡು. ಮಗು ಇಲ್ಲಿರ್ಲಿ," ಎಂದರು ನಂಜಮ್ಮ.

ಸೊಸೆ ಶಾಂತಕುಮಾರಿ ಕಾಫಿ ಲೋಟ ಕೆಳಗಿಟ್ಟಳು. ಬಣಕಲ್ ಚರ್ಚಿನ ಉಪದೇಶಿಯ ಮಗಳು ಅವಳು. ಮಗ ಅಶ್ವಿನ್ ಹಟ ಹಿಡಿದು ಅವಳನ್ನು ಮದುವೆಯಾಗಿ ಐದು ವರ್ಷವಾಗಿತ್ತು. ನಂಜಮ್ಮನವರಿಗೆ ಸಿಟ್ಟಿದ್ದದ್ದು ಅವಳ ದೇವರ ಮೇಲಲ್ಲ, ಅವಳ ಪ್ರಾರ್ಥನೆಯ ಮೇಲೆ. ಸಂಜೆ ಕಣ್ಣು ಮುಚ್ಚಿ ಕೂತರೆ ಸಾಕು, ಸಿಂಹ, ಕೋಣ, ಹಾವು, ತೋಳ... ಇಡೀ ಕಾಡನ್ನೇ ಮನೆಯೊಳಗೆ ಕರೆಯುತ್ತಿದ್ದಳು! ಭಯಕ್ಕೆ ಹೆಸರಿಟ್ಟು ದೇವರ ಮುಂದೆ ಹೇಳಬೇಕಂತೆ, ಅವರ ಹಳೆಯ ಕೀರ್ತನೆಗಳ ಕ್ರಮವೇ ಹಾಗಂತೆ. ಈ ಬೆಟ್ಟದವರೋ, ಕರೆದರೆ ಬಂದೀತೆಂದು ಕಾಡುಪ್ರಾಣಿಯ ಹೆಸರನ್ನೇ ಎತ್ತುವುದಿಲ್ಲ. ಹನ್ನೊಂದು ವರ್ಷದ ಹಿಂದೆ ದೇವರಮನೆ ಬೆಟ್ಟದ ಹಾದಿಯಲ್ಲಿ ಗಂಡ ತಿಮ್ಮಪ್ಪನವರನ್ನು ಆನೆ ಕೊಂದಿತ್ತು. ಅಂದಿನಿಂದ ಆ ಹೆಸರು ನಂಜಮ್ಮನವರ ಬಾಯಲ್ಲಿ ಬಂದಿರಲಿಲ್ಲ. 'ದೊಡ್ಡೋರು' ಎನ್ನುತ್ತಿದ್ದರು, ಅಷ್ಟೆ. ನಿನ್ನೆ ಸಂಜೆ ನಾಲ್ಕು ವರ್ಷದ ಮೊಮ್ಮಗಳು ರಕ್ಷಾ ಅಮ್ಮನ ಪಕ್ಕದಲ್ಲಿ ಕೈಮುಗಿದು ಆ ಹೆಸರನ್ನೇ ಮುದ್ದಾಗಿ ಹೇಳಿಬಿಟ್ಟಿತ್ತು.

"ಇವತ್ತಿನ ಕೊಯ್ಲು ಮುಗಿಸಿ ಹೋಗ್ತೀನಿ ಅತ್ತೆ," ಎಂದಳು ಶಾಂತಕುಮಾರಿ. ಕಣ್ಣು ತುಂಬಿತ್ತು.

ಮಧ್ಯಾಹ್ನ ತೋಟದಲ್ಲಿ ರಕ್ಷಾ ಸಿಲ್ವರ್ ಓಕ್ ಮರದ ಬುಡದಲ್ಲಿ ಗೋಣಿಯ ಮೇಲೆ ನಿದ್ದೆಹೋಗಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಅತ್ತೆ ಸೊಸೆ ಮುಖ ತಿರುಗಿಸಿಕೊಂಡು ಕಾಫಿ ಹಣ್ಣು ಕೊಯ್ಯುತ್ತಿದ್ದರು. ಗಿಡ ಮುರಿದ ಸದ್ದಿಗೆ ತಲೆಯೆತ್ತಿದರೆ, ಮಗುವಿನ ಪಕ್ಕದಲ್ಲೇ ಆನೆ! ಅದರ ಹಿಂದೊಂದು ಮರಿ.

ಓಡಹೊರಟ ಸೊಸೆಯ ರಟ್ಟೆಯನ್ನು ನಂಜಮ್ಮ ಗಟ್ಟಿಯಾಗಿ ಹಿಡಿದರು. "ಮರಿ ಇದೆ. ನಾವು ಅಲ್ಲಾಡಿದ್ರೆ ಮಗು ಉಳಿಯಲ್ಲ."

"ಅತ್ತೆ... ನನ್ನ ಕೂಸು..."

"ನಿನ್ನ ಪ್ರಾರ್ಥನೆ ಹೇಳು. ಮೆಲ್ಲಗೆ ಹೇಳು."

ಮಗುವಿನಿಂದ ಕಣ್ಣು ಕೀಳದೆ ಶಾಂತಕುಮಾರಿ ಶುರುಮಾಡಿದಳು. "ಕರ್ತನೇ, ಭಯ ತೋಳದ ಹಾಗೆ ನನ್ನ ಕತ್ತಿಗೆ ಬಾಯಿ ಹಾಕಿದೆ... ನಾನು ಗೂಡಿಂದ ಬಿದ್ದ ಹಕ್ಕಿ. ನಿನ್ನ ರೆಕ್ಕೆ ಎಲ್ಲಿದೆ? ಬಿಚ್ಚು..."

"ಆನೆ," ಎಂದರು ನಂಜಮ್ಮ. ಹೇಳಿದ್ದು ತಾವೇ ಎಂದು ಅವರಿಗೆ ನಂಬಲಾಗಲಿಲ್ಲ. "ದೇವರೇ, ಆನೆ ಬಂದಿದೆ. ನಮ್ಮ ಯಜಮಾನ್ರನ್ನ ತಗೊಂಡ ಆನೆ. ಹನ್ನೊಂದು ವರ್ಷ ಹೆದರ್ಕೊಂಡೇ ಬದುಕಿದೀನಿ. ನೀನು ಅದಕ್ಕಿಂತ ದೊಡ್ಡೋನು. ಆ ಕೂಸನ್ನ ನಿನ್ನ ಕಾಲಡಿ ಇಟ್ಕೊ." ಯಾವ ದೇವರಿಗೆ ಹೇಳಿದರೋ ಅವರಿಗೂ ತಿಳಿಯದು.

ಆನೆ ಸೊಂಡಿಲಿಳಿಸಿ ಮಗುವಿನ ತಲೆಗೂದಲನ್ನು ಮೂಸಿತು. ಮರಿ ಕುತೂಹಲದಿಂದ ಗೋಣಿಯ ಹತ್ತಿರ ಬಂತು. ತಾಯಿ ಒಂದು ಹೆಜ್ಜೆ ಮುಂದಿಟ್ಟಿತು. ಮರಿಯೂ ಮಗುವೂ ಎರಡೂ ಅದರ ಹೊಟ್ಟೆಯಡಿಗಿದ್ದವು! ಆಮೇಲೆ ಒಂದೊಂದೇ ಕಾಲೆತ್ತಿ, ಗೋಣಿಯ ಅಂಚನ್ನೂ ತುಳಿಯದೆ, ಮರಿಯನ್ನು ಕರೆದುಕೊಂಡು ಹಳ್ಳದ ಕಡೆ ಇಳಿದುಹೋಯಿತು. ಅಷ್ಟು ದೊಡ್ಡ ಜೀವ ಅಷ್ಟು ಮೆಲ್ಲಗೆ ಕಾಲಿಡುವುದನ್ನು ನಂಜಮ್ಮ ಎಂದೂ ಕಂಡಿರಲಿಲ್ಲ. ಎದೆಯೊಳಗೆ ಇದ್ದದ್ದು ಭಯವೋ ಭಕ್ತಿಯೋ ತಿಳಿಯದೆ ಅದು ಹೋದ ದಿಕ್ಕಿಗೆ ಕೈಮುಗಿದರು. ರಕ್ಷಾಗೆ ಎಚ್ಚರವೇ ಆಗಿರಲಿಲ್ಲ.

ಸಂಜೆ ಶಾಂತಕುಮಾರಿ ಚೀಲಕ್ಕೆ ಹಾಕಿದ್ದ ಪುಸ್ತಕವನ್ನು ನಂಜಮ್ಮ ಹೊರತೆಗೆದು ದೀಪದ ಪಕ್ಕ ಇಟ್ಟು, ಸೊಸೆಯನ್ನು ಕೈಹಿಡಿದು ಕೂರಿಸಿದರು. ತಾವೂ ಕೂತರು.

"ಅಜ್ಜಿ, ಇವತ್ತು ಯಾವ ಪ್ರಾಣಿ ಹೇಳ್ಲಿ?" ಎಂದಿತು ರಕ್ಷಾ.

"ಆನೆ ಹೇಳು ಮಗಾ," ಎಂದರು ನಂಜಮ್ಮ. "ಗಟ್ಟಿಯಾಗಿ ಹೇಳು. ನಿನ್ನ ಅಜ್ಜಂಗೂ ಕೇಳ್ಲಿ."