ವ್ಯಾಖ್ಯಾನಕ್ಕೆ ಬಿಟ್ಟ ಜಾಗ

"ಎಲ್ಲಿಗೆ ಹೋಗ್ಬಿಟ್ರಿ, ಯಜಮಾನ್ರೇ?"

ಅರಿವಳಿಕೆ ತಜ್ಞೆ ಡಾ. ಶಾಹೀನಾ ಆ ಪ್ರಶ್ನೆಯನ್ನು ಯಾರನ್ನೂ ಕುರಿತು ಕೇಳಿರಲಿಲ್ಲ. ಯಜಮಾನರು, ಅಂದರೆ ಎಪ್ಪತ್ತೊಂಬತ್ತರ ಧರಣೇಂದ್ರಯ್ಯ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದರು. ಅವರ ತಲೆಯ ಪಕ್ಕದ ಪರದೆಯ ಮೇಲೆ ಅಷ್ಟು ಹೊತ್ತು ಸಮನಾಗಿ ಹರಿಯುತ್ತಿದ್ದ ಹಸಿರು ಗೆರೆ ತಟ್ಟನೆ ಚೆಲ್ಲಾಪಿಲ್ಲಿಯಾಗಿತ್ತು.

ಯಂತ್ರದ ಹೆಸರು ನಿದ್ರಾಸಾರಥಿ. ವಯಸ್ಸಾದ ಮಿದುಳಿಗೆ ಮಂಪರು ಔಷಧ ತುಸು ಹೆಚ್ಚಾದರೂ ತೊಂದರೆ. ಮೂಳೆ ಕೂಡಿಕೊಳ್ಳುತ್ತದೆ, ಗಾಯ ಮಾಯುತ್ತದೆ. ಆದರೆ ಕೆಲವೊಮ್ಮೆ ಮಲಗಿದವರು ಒಬ್ಬರು, ಎದ್ದವರು ಇನ್ನೊಬ್ಬರು. ಅದನ್ನು ತಪ್ಪಿಸಲೆಂದೇ ಸಾರಥಿಯನ್ನು ಕಟ್ಟಿದ್ದರು. ರೋಗಿಗೆ ಬಹುಕಾಲದಿಂದ ಪರಿಚಯವಿರುವ ಒಂದು ದನಿಯನ್ನು ಅದು ನಿದ್ದೆಯುದ್ದಕ್ಕೂ ಕಿವಿಯಲ್ಲಿ ನುಡಿಸುತ್ತದೆ. ಮಿದುಳು ಆ ದನಿಯ ಹಿಂದೆ ನಡೆಯುತ್ತಿದೆಯೇ ಎಂಬುದನ್ನು ಪರದೆಯ ಆ ಹಸಿರು ಗೆರೆ, ಅಂದರೆ ಅನುಸರಣ ರೇಖೆ, ತೋರಿಸುತ್ತದೆ. ನೋವು ತಿಳಿಯಬಾರದು, ದಾರಿಯೂ ತಪ್ಪಬಾರದು; ಆ ಎರಡರ ನಡುವೆ ಎಷ್ಟು ಔಷಧ ಸಾಕೋ ಅಷ್ಟನ್ನೇ ಸಾರಥಿ ಹನಿಹನಿಯಾಗಿ ಬಿಡುತ್ತದೆ. ಒಂದೇ ನಿಬಂಧನೆ: ಪ್ರತಿ ಸಲವೂ ದನಿಯನ್ನು ಹೊಸದಾಗಿ ಮುದ್ರಿಸಬೇಕು. ಒಮ್ಮೆ ಕೇಳಿದ ಮುದ್ರಣಕ್ಕೆ ಮಿದುಳು ಮತ್ತೆ ಕಿವಿಗೊಡುವುದಿಲ್ಲ.

ಧರಣೇಂದ್ರಯ್ಯನವರಿಗೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿತ್ತು. ಎರಡು ವರ್ಷದ ಹಿಂದೆ, ಸಾರಥಿ ಇನ್ನೂ ಹಾಸನಕ್ಕೆ ಬಂದಿರದಿದ್ದಾಗ, ಅವರ ಎಡ ಸೊಂಟಕ್ಕೆ ಶಸ್ತ್ರಚಿಕಿತ್ಸೆ ಆಗಿತ್ತು. ಎದ್ದ ಮೇಲೆ ತಿಂಗಳುಗಟ್ಟಲೆ ಮನಸ್ಸು ನೆಲೆಗೆ ಬರಲಿಲ್ಲ.

"ನನ್ನನ್ನೇ ಕಳ್ಳಿ ಅಂದ್ರು, ಡಾಕ್ಟ್ರಮ್ಮ," ಎಂದು ಅವರ ಹೆಂಡತಿ ಬ್ರಾಹ್ಮಿಲಮ್ಮ ಮೊದಲ ಭೇಟಿಯಲ್ಲೇ ದೂರಿದ್ದರು. "ಬೆಳ್ಳಿ ಲೋಟ ಕದಿಯೋಕೆ ಬಂದೋಳು ಅಂತ. ಆ ಲೋಟ ನನ್ನ ತೌರಿನೋರು ಕೊಟ್ಟಿದ್ದು!"

"ಅದೊಂದು ವಿಷಯ ಮಾತ್ರ ನನಗೆ ಮರೆಯೋಕೆ ಬಿಡಲ್ಲ ಇವಳು," ಎಂದು ಧರಣೇಂದ್ರಯ್ಯ ನಕ್ಕಿದ್ದರು. ನಗು ಮುಗಿದ ಮೇಲೆ ಸಣ್ಣ ದನಿಯಲ್ಲಿ ಕೇಳಿದ್ದರು: "ಈ ಸಲ ನಾನು ನಾನಾಗೇ ಏಳ್ತೀನಾ, ಮಗಳೇ?"

"ಏಳಿಸ್ತೀನಿ," ಎಂದಿದ್ದಳು ಶಾಹೀನಾ.

ದಂಪತಿಗಳು ನಲವತ್ತು ವರ್ಷ ಬಸದಿಯ ಜಗಲಿಯಲ್ಲಿ ಕಾವ್ಯವಾಚನ ನಡೆಸಿದವರು. ಆಕೆ ರಾಗವಾಗಿ ಒಂದು ಪದ್ಯ ಓದುವುದು, ಅವರು ಅದರ ಅರ್ಥ ಬಿಡಿಸಿ ವ್ಯಾಖ್ಯಾನ ಹೇಳುವುದು. ಮೊದಲ ಶಸ್ತ್ರಚಿಕಿತ್ಸೆಯ ನಂತರ ಅವರು ಜಗಲಿ ಹತ್ತಿರಲಿಲ್ಲ. ಬುದ್ಧಿ ಮರಳಿದ ಮೇಲೂ, ನಾಲ್ಕು ಜನರ ಮುಂದೆ ಮಾತು ಕೈಕೊಟ್ಟರೆ ಎಂಬ ಭಯ ಉಳಿದಿತ್ತು. ಈಗ ಬಚ್ಚಲಿನಲ್ಲಿ ಜಾರಿ ಬಲತೊಡೆಯ ಮೂಳೆ ಮುರಿದಾಗ, ಸಾರಥಿಗೆ ಯಾರ ದನಿ ಎಂದು ಯಾರೂ ಯೋಚಿಸಬೇಕಾಗಿರಲಿಲ್ಲ.

ಆ ದನಿಯೇ ಈಗ ಕಿವಿಯಲ್ಲಿತ್ತು. ಆದರೂ ಮಿದುಳು ಅದರ ಕೈ ಬಿಟ್ಟಿತ್ತು.

"ಹಳೇ ದಾರಿ ಹಿಡೀರಿ, ಡಾಕ್ಟರ್," ಎಂದ ಶಸ್ತ್ರವೈದ್ಯ. "ಔಷಧ ಏರಿಸಿ. ನನಗೆ ಅಲುಗಾಡದ ಕಾಲು ಬೇಕು."

"ಒಂದು ನಿಮಿಷ ಕೊಡಿ."

ಶಾಹೀನಾ ಇಯರ್‌ಫೋನೊಂದನ್ನು ತನ್ನ ಕಿವಿಗೂ ಸಿಕ್ಕಿಸಿಕೊಂಡಳು. ಒಂದು ಪದ್ಯ ಮುಗಿಯುತ್ತಿದ್ದಂತೆಯೇ ಇನ್ನೊಂದು ಅದರ ಹೆಗಲೇರಿ ಬರುತ್ತಿತ್ತು. ಮುದ್ರಣದ ದಿನ ಹೀಗಿರಲಿಲ್ಲ. ಬ್ರಾಹ್ಮಿಲಮ್ಮ ಒಂದೊಂದು ಪದ್ಯ ಮುಗಿಸಿಯೂ ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತ ಸಾಕಷ್ಟು ಹೊತ್ತು ಸುಮ್ಮನಿರುತ್ತಿದ್ದರು. ನೀರು ಬೇಕೇನೋ ಎಂದು ಶಾಹೀನಾ ಲೋಟ ಮುಂದೆ ಹಿಡಿದಿದ್ದಳು. ಯಂತ್ರದ ಧ್ವನಿಶೋಧಕ ಆ ಮೌನವನ್ನೆಲ್ಲ ಕಸವೆಂದು ತಿಳಿದು ಕತ್ತರಿಸಿ, ಪದ್ಯಗಳನ್ನು ಒತ್ತೊತ್ತಾಗಿ ಜೋಡಿಸಿತ್ತು.

ಅವಳು ಶೋಧಕವನ್ನು ನಿಲ್ಲಿಸಿ, ಅವರು ಇನ್ನೂ ಕೇಳಿರದ ಪದ್ಯದಿಂದ ಮುಂದಕ್ಕೆ ಮೂಲ ಮುದ್ರಣವನ್ನೇ ಹಾಕಿದಳು.

ಪದ್ಯ ಬಂತು, ಮುಗಿಯಿತು. ಮೌನ. ಗೆರೆ ಮೆಲ್ಲನೆ ಒಂದುಗೂಡಿತು. ಎರಡನೆಯ ಪದ್ಯಕ್ಕೆ ಅದು ದನಿಯ ಹಿಂದೆಯೇ ನಡೆಯತೊಡಗಿತು. ಆ ಪದ್ಯವೂ ಮುಗಿದು ಮೌನ ಬಂದಾಗ ಗೆರೆ ತಗ್ಗಲಿಲ್ಲ; ಮೇಲಕ್ಕೇರಿತು. ಮುಂದಿನ ಪದ್ಯ ಮೊದಲಾಗುವ ಹೊತ್ತಿಗೆ ಸರಿಯಾಗಿ ಇಳಿದು, ಕೇಳಲು ಕುಳಿತಿತು.

"ಮಲಗಿರೋ ಮನುಷ್ಯ ಏನ್ರೀ ಮಾಡ್ತಿದಾರೆ?" ಎಂದ ಶಸ್ತ್ರವೈದ್ಯ.

"ಅರ್ಥ ಹೇಳ್ತಿದಾರೆ," ಎಂದಳು ಶಾಹೀನಾ. "ನೀವು ಮೊಳೆ ಹೊಡೀರಿ."

ಸಂಜೆ ಧರಣೇಂದ್ರಯ್ಯ ಕಣ್ಣು ಬಿಟ್ಟು, ಹೆಂಡತಿಯನ್ನು ನೋಡಿ, "ಲೋಟ ಭದ್ರವಾಗಿದೆಯಾ?" ಎಂದರು. ಬ್ರಾಹ್ಮಿಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಾರ್ಕೊಂಡು ತಿಂದೆ," ಎಂದರು. ವೃದ್ಧ ರೋಗಿಗಳ ಮನಸ್ಸನ್ನು ಪರೀಕ್ಷಿಸುವ ಅಷ್ಟೂ ಪ್ರಶ್ನೆಗಳಿಗೆ ಧರಣೇಂದ್ರಯ್ಯ ಸರಿಯಾಗಿ ಉತ್ತರಿಸಿದರು. ಗೊಂದಲವಿಲ್ಲ, ಭ್ರಮೆಯಿಲ್ಲ. ಸಾರಥಿ ಗೆದ್ದಿತ್ತು.

ಅದು ಗೆದ್ದದ್ದೇ ಹೊಸ ತೊಡಕಾದೀತೆಂದು ಯಾರೂ ಎಣಿಸಿರಲಿಲ್ಲ.

ಮೂರು ತಿಂಗಳ ನಂತರ ಇಬ್ಬರೂ ಆಸ್ಪತ್ರೆಗೆ ಬಂದರು. ಮೂಳೆ ಕೂಡಿತ್ತು, ಚರ್ಮಕ್ಕೆ ಒತ್ತುತ್ತಿದ್ದ ಒಂದು ಮೊಳೆಯನ್ನು ತೆಗೆಯಬೇಕಿತ್ತು.

"ಕಾಲಷ್ಟೇ ಮರಗಟ್ಟಿಸಿದ್ರೆ ಸಾಕು," ಎಂದಳು ಶಾಹೀನಾ. "ಎಚ್ಚರವಾಗೇ ಇರಬಹುದು. ಇದಕ್ಕೆ ಸಾರಥಿ ಬೇಡ."

ಧರಣೇಂದ್ರಯ್ಯನವರ ಮುಖ ಬಾಡಿತು. "ಬೇಕು, ಮಗಳೇ. ಆವತ್ತು ಒಳಗೆ ನಾನು ಹೇಳಿದ ವ್ಯಾಖ್ಯಾನ ಇದೆಯಲ್ಲ, ಜನ್ಮದಲ್ಲಿ ಅಂಥದ್ದು ಹೇಳಿರಲಿಲ್ಲ. ಒಂದು ಕಡೇನೂ ತಡವರಿಸಲಿಲ್ಲ."

"ಏನು ಹೇಳಿದ್ರಿ?"

"ಅದೇ ನೆನಪಿಲ್ಲ. ಚೆನ್ನಾಗಿತ್ತು ಅನ್ನೋದಷ್ಟೇ ನೆನಪು."

"ಕೇಳಿದೋರು ಯಾರಂತೆ?" ಎಂದರು ಬ್ರಾಹ್ಮಿಲಮ್ಮ. "ಸುತ್ತಿಗೆ ಹಿಡಿದ ಡಾಕ್ಟ್ರು. ಮನೇಗೆ ಬಂದು ನೋಡಿ, ಡಾಕ್ಟ್ರಮ್ಮ. ಬಸದಿಗೆ ಬರಲ್ಲ, ಪುಸ್ತಕ ಮುಟ್ಟಲ್ಲ. ಕಿಟಕಿ ಹತ್ರ ಕೂತು ಮೊಳೆ ತೆಗೆಯೋ ದಿನ ಕಾಯ್ತಾರೆ."

ಶಾಹೀನಾ ಪೆನ್ನು ಕೆಳಗಿಟ್ಟಳು. ನಿದ್ದೆಗೆ ಹೆದರುವವರನ್ನು ಅವಳು ಬಹಳ ನೋಡಿದ್ದಳು. ಎಚ್ಚರಕ್ಕೆ ಹೆದರಿ ನಿದ್ದೆ ಬೇಡುವವರು ಇವರೇ ಮೊದಲು.

"ಹಗುರವಾಗಿ ಮಂಪರು ಕೊಡೋಕೆ ನಿಯಮದಲ್ಲಿ ಅಡ್ಡಿಯಿಲ್ಲ," ಎಂದಳು ನಿಧಾನವಾಗಿ. "ಆದರೆ ಸಾರಥಿ ಇಲ್ಲದೆ ಈ ವಯಸ್ಸಿನೋರಿಗೆ ನಾನು ಕೊಡಲ್ಲ. ಸಾರಥಿಗೆ ಅಮ್ಮ ಹೊಸದಾಗಿ ಓದಿಕೊಡಬೇಕು." ಅವಳು ಬ್ರಾಹ್ಮಿಲಮ್ಮನವರ ಕಡೆ ತಿರುಗಿದಳು.

"ಕಾವ್ಯದ ಒಂದೇ ಸಂಧಿ, ಬ್ರಾಹ್ಮಿಲಾ," ಎಂದರು ಧರಣೇಂದ್ರಯ್ಯ. "ಹೋದ ಸಲ ಓದಿದ ಹಾಗೇ."

"ಎರಡು ವರ್ಷದ ಮೇಲಾಯ್ತು, ಜಗಲೀಲಿ ನಿಮ್ಮ ಖಾಲಿ ಜಾಗ ನೋಡ್ಕೊಂಡು ಓದ್ತಿದೀನಿ. ಪದ್ಯ ಮುಗಿದ ಕೂಡ್ಲೆ ಬಾಯಿ ತಾನಾಗೇ ಸುಮ್ಮನಾಗುತ್ತೆ. ಪಾಪ, ಅಮ್ಮನಿಗೆ ಉಸಿರು ಸಾಲದು ಅಂತ ಜನ ಅಂದ್ಕೊಂಡಿದಾರೆ."

"ಎಚ್ಚರದಲ್ಲಿ ನಾನು ತಡವರಿಸಿದ್ರೆ?"

"ತಡವರಿಸಿ. ನಾನು ಕಾಯ್ತೀನಿ."

"ಇದೊಂದು ಸಲ ಓದಿಬಿಡೇ. ಆಮೇಲೆ ಜಗಲಿಗೆ ಬರ್ತೀನಿ, ಆಣೆ."

"ಆಗೋದಿಲ್ಲ," ಎಂದರು ಬ್ರಾಹ್ಮಿಲಮ್ಮ. "ಮಲಗಿರೋರಿಗೆ ನಾನು ಓದಲ್ಲ."