ಸೀಳಿದ ಅಚ್ಚುಗಳು

ಕೆಲಸದ ಕೋಣೆಯ ಬಾಗಿಲು ತೆಗೆದ ಮೇಷ್ಟ್ರ ಹೆಂಡತಿ ಗಂಡನನ್ನು ಕೂಗಿ ಕರೆದರು. ಪುಸ್ತಕಗಳಿಗೆ ಚಿತ್ರ ಅಚ್ಚುಹಾಕಲು ಮೇಷ್ಟ್ರು ನೆಲಕ್ಕೆ ಹಾಸುವಂಥ ಲಿನೋಲಿಯಂ ಹಾಳೆಯಲ್ಲಿ ಕೆತ್ತಿದ್ದ ಅಚ್ಚುಗಳು, ಒಂದು ಜೀವಮಾನದ ದುಡಿಮೆ, ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಒಂದೊಂದನ್ನೂ ಯಾರೋ ಅಡ್ಡಡ್ಡ ಸೀಳಿದ್ದರು. ಸಂಜೆ ಅವುಗಳ ಪ್ರದರ್ಶನವಿತ್ತು.

ದೂರು ಕೇಳಿ ಬಂದ ಇನ್ಸ್‌ಪೆಕ್ಟರ್ ಒಂದು ಅಚ್ಚನ್ನು ಮೆಲ್ಲಗೆ ಎತ್ತಿಕೊಂಡಳು. ಚಿಕ್ಕಂದಿನಲ್ಲಿ ಈ ಚಿತ್ರಗಳನ್ನು ನೋಡಿಯೇ ಓದಿನ ರುಚಿ ಹತ್ತಿಸಿಕೊಂಡವಳು ಅವಳು.

"ಅವನೇ ಮಾಡಿದ್ದು!" ಮೇಷ್ಟ್ರು ನೆಲದಲ್ಲಿ ಬಿದ್ದಿದ್ದ ಉಳಿಯನ್ನು ತೋರಿಸಿದರು. "ನನ್ನ ಹಳೇ ಶಿಷ್ಯನ ಉಳಿ ಇದು. ನಿನ್ನೆ ಬಂದು ಜಗಳ ಆಡಿ ಹೋದ. ನನ್ನ ಕಂಡ್ರೆ ಹೊಟ್ಟೆಕಿಚ್ಚು."

*

ಠಾಣೆಯಲ್ಲಿ ಶಿಷ್ಯ ಬೆವರಿದ.

"ಜಗಳ ಆಡಿದ್ದು ನಿಜ ಮೇಡಂ. ಇತ್ತೀಚಿನ ಅಚ್ಚುಗಳನ್ನ ಯಾರೋ ಎಡಗೈಯವರು ಕೆತ್ತಿದಾರೆ, ಗೆರೆ ನೋಡಿದ್ರೇ ಗೊತ್ತಾಗುತ್ತೆ ಅಂದೆ. ಸಂಜೆ ಎಲ್ಲರ ಮುಂದೆ ಕೇಳ್ತೀನಿ ಅಂತಾನೂ ಹೇಳ್ದೆ. ಉಳಿ ಅಲ್ಲೇ ಬಿಟ್ಟು ಎಷ್ಟೋ ವರ್ಷ ಆಯ್ತು."

ಸಿಕ್ಕಿಬಿದ್ದವರೆಲ್ಲ ಹೇಳುವ ಮಾತೇ. ಆದರೂ ತನ್ನ ಉಳಿಯನ್ನು ಬಿಟ್ಟುಹೋಗುವಷ್ಟು ದಡ್ಡನೇ ಇವನು? ಇನ್ಸ್‌ಪೆಕ್ಟರ್ ಜೀಪು ಹತ್ತಿದಳು.

*

ಮೇಷ್ಟ್ರ ಕೋಣೆ ಗಡಗಡ ನಡುಗಿಸುವಷ್ಟು ತಣ್ಣಗಿತ್ತು. ಅವಳು ಉಳಿಯಿಂದ ಲಿನೋಲಿಯಂನ ಒಂದು ಹಳೆಯ ತುಂಡನ್ನು ಗೀರಿದಳು. ಚಳಿಗೆ ಗಡುಸಾಗಿದ್ದ ಅದು ಚಕ್ಕೆಯೆದ್ದು ಪುಡಿಪುಡಿಯಾಯಿತು. ಆದರೆ ಅಚ್ಚುಗಳ ಮೇಲಿನ ಸೀಳುಗಳು ಬೆಣ್ಣೆಯಲ್ಲಿ ಎಳೆದಷ್ಟು ನಯ.

"ಅಮ್ಮಾ, ಇದನ್ನ ಮೆತ್ತಗೆ ಮಾಡೋದು ಹೇಗೆ?"

"ಬಟ್ಟೆ ಹಾಸಿ, ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಬೇಕು." ಮೇಷ್ಟ್ರ ಹೆಂಡತಿ ತಟ್ಟನೆ ಬಾಯಿ ಮುಚ್ಚಿಕೊಂಡರು. "ಅಯ್ಯೋ! ಬೆಳಿಗ್ಗೆ ಅಕ್ಕನ ಮನೆಯಿಂದ ಬಂದವಳೇ ಇವರ ಅಂಗಿ ಇಸ್ತ್ರಿ ಮಾಡ್ದೆ. ಅಂಗಿಗೆಲ್ಲ ಕಪ್ಪು ಮಸಿ!"

"ಪೆಟ್ಟಿಗೆ ಎಲ್ಲಿರುತ್ತೆ?"

"ನಾವು ಮಲಗೋ ಕೋಣೆಯ ಬೀರುವಲ್ಲಿ."

ಇನ್ಸ್‌ಪೆಕ್ಟರ್ ಮೇಷ್ಟ್ರತ್ತ ತಿರುಗಿದಳು. ಅವಳಿಗೇ ನಂಬಲಾಗುತ್ತಿರಲಿಲ್ಲ.

"ರಾತ್ರಿ ಮನೇಲಿದ್ದದ್ದು ನೀವೊಬ್ಬರೇ ಮೇಷ್ಟ್ರೇ. ನಿಮ್ಮ ಪಕ್ಕದ ಬೀರು ತೆಗೆದು, ಪೆಟ್ಟಿಗೆ ಕಾಯಿಸಿ, ಒಂದೊಂದನ್ನೇ ಮೆತ್ತಗೆ ಮಾಡ್ಕೊಂಡು ಸೀಳೋಕೆ ಹೊರಗಿನವರಿಂದ ಆಗುತ್ತಾ? ಹಾಳು ಮಾಡುವಾಗ್ಲೂ ಅಭ್ಯಾಸ ಕೈ ಬಿಡಲಿಲ್ಲ. ಅವಸರದಲ್ಲಿ ಬಟ್ಟೆ ಹಾಸೋದೊಂದು ಮರೆತ್ರಿ, ಅಚ್ಚಿನ ಮಸಿ ಪೆಟ್ಟಿಗೆಗೆ ಅಂಟ್ತು. ಎಡಗೈ ಗೆರೆ ಪ್ರದರ್ಶನದಲ್ಲಿ ಕಾಣಬಾರದು ಅಂತ ಹೊಸ ಅಚ್ಚುಗಳನ್ನ ಸೀಳಿದ್ರಿ, ಅನುಮಾನ ಬರದಿರಲಿ ಅಂತ ಹಳೇವನ್ನೂ ಬಿಡಲಿಲ್ಲ. ಶಿಷ್ಯನ ಬಾಯಿ ಮುಚ್ಚಿಸೋಕೆ ಅವನನ್ನೇ ಸಿಕ್ಕಿಸಿದ್ರಿ."

ಮೇಷ್ಟ್ರು ನಡುಗುವ ಕೈಗಳನ್ನು ಮೇಲೆತ್ತಿ ತೋರಿಸಿದರು. ಅದು ಇವತ್ತಿನ ನಡುಕವಲ್ಲ.

"ಕೆತ್ತೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಮೆತ್ತಗೆ ಮಾಡದೆ ಈ ಕೈಗೆ ಸೀಳೋಕೂ ಆಗಲ್ಲ. ಆಮೇಲಿನದೆಲ್ಲಾ ಇವಳೇ ಕೆತ್ತಿದ್ದು."

ಹೆಂಡತಿ ನೆಲಕ್ಕೆ ಕೂತು ಒಂದು ಸೀಳನ್ನು ಎಡಗೈಯಿಂದ ಸವರಿದರು.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನ್ರೀ? ನೀವೇ ಕೆತ್ತಿದ್ದು ಅಂತ ಎಲ್ಲರ ಮುಂದೆ ನಾನೇ ಸುಳ್ಳು ಹೇಳ್ತಿದ್ದೆ."